ಬಾನೆಟ್ಟಿಗೆ ಹಚ್ಚಿದ ಅರಿಶಿಣ

ನಮ್ಮ ಮನೆಯಲ್ಲಿ ಜಗಳ ಶುರುವಾಗಿದ್ದು ಮೊರದಿಂದ. ಮೂವತ್ತೆರಡು ವರ್ಷದಿಂದ ನಾನು ಹಿತ್ತಲ ಕಟ್ಟೆಯ ಮೇಲೆ ಕೂತೇ ಅಕ್ಕಿ ಕೇರುತ್ತಿದ್ದೇನೆ. ಹೊಸಪೇಟೆಯಲ್ಲಿ ನಮ್ಮದು ಅಕ್ಕಿ ಅಂಗಡಿ. ಅಕ್ಕಿ ಅಂಗಡಿಯವರ ಮನೆಯಲ್ಲಿ ಅಕ್ಕಿ ಕೇರುವುದಕ್ಕೆ ಅಪ್ಪಣೆ ಕೇಳಬೇಕೇ? ಅವತ್ತು ಬೆಳಿಗ್ಗೆ ಮೊರ ಎತ್ತಿ ಎರಡು ಸಲ ಹಾರಿಸಿದ್ದೆನೋ ಇಲ್ಲವೋ, ಹಿತ್ತಲ ಶೆಡ್ಡಿನಿಂದ ಸೊಸೆ ಸುಷ್ಮಿತಾ ಓಡಿ ಬಂದಳು.

"ಅತ್ತೀ, ಇಲ್ಲಿ ಬ್ಯಾಡ್ರಿ. ತೌಡು ಹಾರಿ ಒಳಗ ಬರ್ತೈತಿ. ಫಿಲ್ಮ್ ಕೆಳಗ ಒಂದು ಕಣ ಕುಂತ್ರೂ ಗುಳ್ಳಿ ಕಾಣ್ತೈತ್ರಿ."

"ಮತ್ತೆಲ್ಲಿ ಕೇರ್ಲಿ ಯವ್ವಾ? ಬಸ್ ಸ್ಟ್ಯಾಂಡಿನ್ಯಾಗ ಕುಂತು ಕೇರ್ಲೇನು?"

"ಮಾಳಗಿ ಮ್ಯಾಲೆ ನಡೀರಿ, ಚೀಲ ನಾನು ಹೊತ್ತು ಕೊಡ್ತೀನಿ."

ಹೊತ್ತೂ ಕೊಟ್ಟಳು. ಇಪ್ಪತ್ತೈದು ಕೆಜಿ ಚೀಲ ಹೆಗಲಿಗಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಬೈಯಲು ತೆರೆದ ಬಾಯಿಯನ್ನು ನಾನು ಹಾಗೇ ಮುಚ್ಚಿಕೊಂಡೆ. ಇವಳ ಜೊತೆ ಜಗಳಕ್ಕಿಳಿಯುವುದೇ ಕಷ್ಟ. ಎದುರು ಮಾತಾಡುವ ಸೊಸೆಯನ್ನಾದರೂ ಸಂಭಾಳಿಸಬಹುದು, ಇವಳು ಮಾತಾಡುವುದು ಬಿಟ್ಟು ಕೆಲಸ ಮಾಡಿಬಿಡುತ್ತಾಳೆ.

ಅವಳ ಕೆಲಸ ಏನೆಂದು ನನಗೆ ತಿಳಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. ಕಾರಿಗೆ ಬಣ್ಣ ಹೊಡೆಯುವ ಬದಲು ಮೈತುಂಬ ತೆಳ್ಳನೆಯ ವಿನೈಲ್ ಹಾಳೆ ಅಂಟಿಸುವುದು. ಅದಕ್ಕೆ ರ್‍ಯಾಪ್ ಅನ್ನುತ್ತಾರೆ. ನಾಲ್ಕೈದು ವರ್ಷ ಇಟ್ಟುಕೊಂಡು ಬೇಡವಾದಾಗ ಸುಲಿದು ತೆಗೆದರೆ ಕೆಳಗಿನ ಕಂಪನಿ ಬಣ್ಣ ಹಾಗೇ ಇರುತ್ತದಂತೆ. ಸುಷ್ಮಿತಾ ಎಮ್ಮಿಗನೂರಿನ ಹುಡುಗಿ, ಬಿಕಾಂ ಓದಿದವಳು. ಮದುವೆಯಾದ ಹೊಸದರಲ್ಲಿ ಇಲ್ಲೇ ಒಂದು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಆಮೇಲೆ ಅದನ್ನು ಬಿಟ್ಟು, ಬಳ್ಳಾರಿಯಲ್ಲಿ ಗೆಳತಿಯ ಅಣ್ಣನ ಅಂಗಡಿಗೆ ನಾಲ್ಕು ತಿಂಗಳು ಬಸ್ಸಿನಲ್ಲಿ ಓಡಾಡಿ ಇದನ್ನು ಕಲಿತಳು. ಊರಿಗೊಂದು ದಾರಿಯಾದರೆ ನಮ್ಮ ಮನೆಗೊಂದು ದಾರಿ.

ನಮ್ಮ ಯಜಮಾನರು ಉಜ್ಜಿನಪ್ಪನವರು ಆ ವಿಷಯ ಕೇಳಿದ ದಿನ ತಟ್ಟೆ ಮುಂದೆ ಕೂತು ಮಗನಿಗೆ ಹೇಳಿದರು.

"ಏನೋ ವೀರೇಶ, ಪಾಠ ಹೇಳೋಕಿ ಸ್ಟಿಕರ್ ಹಚ್ಚಾಕ ನಿಂತಾಳಂತ?"

"ಸ್ಟಿಕರ್ ಅಲ್ಲಪ್ಪ, ರ್‍ಯಾಪು."

"ಎರಡಕ್ಕೂ ಹಿಂದ ಗೋಂದೇ ಹೌದಲ್ಲೋ?"

ವೀರೇಶ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವನು. ಅಪ್ಪನ ಮುಂದೆ ಎರಡನೇ ಮಾತಾಡಿ ಗೊತ್ತಿಲ್ಲದವನು. ಅವನು ರೊಟ್ಟಿ ಮುರಿಯುತ್ತ ಕೂತ. ಪಲ್ಯ ಬಡಿಸುತ್ತಿದ್ದ ಸುಷ್ಮಿತಾಳೇ ಕೇಳಿದಳು:

"ಮಾವಾರ, ಹಿತ್ತಲ ಶೆಡ್ಡು ನನಗ ಕೊಡ್ತೀರೇನ್ರಿ? ಧೂಳು ಬರದಂಗ ನಾಕೂ ಕಡೆ ಮುಚ್ಚಿರೋ ಜಾಗ ಬೇಕ್ರಿ. ಇಂಥ ಜಾಗ ಊರಾಗ ಬಾಡಿಗಿಗೆ ಸಿಗೂದಿಲ್ಲ."

ಆ ಶೆಡ್ಡು ಭತ್ತದ್ದು. ಕಂಪ್ಲಿ ಕಡೆಯಿಂದ ಬರುವ ಹೊಸ ಭತ್ತ ಮಿಲ್ಲಿಗೆ ಹೋಗುವ ಮೊದಲು ಅಲ್ಲಿ ಇಳಿಯುತ್ತದೆ. ಯಜಮಾನರು ಒಂದು ತುತ್ತು ನುಂಗಿ, ನೀರು ಕುಡಿದು, ಆಮೇಲೆ ಹೇಳಿದರು.

"ನೋಡವ್ವಾ, ಈಗ ಖಾಲಿ ಐತಿ, ಮಾಡ್ಕೋ. ಹೊಸ ಭತ್ತ ಬರೋತನಾ ನಿನಗ ಟೈಮು. ಅಷ್ಟ್ರೊಳಗ ನೆಟ್ಟಗ ಒಂದು ದೊಡ್ಡ ಕೆಲ್ಸ ಕೈಗೆ ಬಂದ್ರ ಶೆಡ್ಡು ನಿಂದು. ಇಲ್ಲಾಂದ್ರ ಚೀಲ ಒಳಗ, ನೀನು ಮತ್ತ ಸ್ಕೂಲಿಗೆ."

"ಆತ್ರಿ ಮಾವಾರ" ಅಂದಳು. ಅಷ್ಟೇ. ಆ ಮಾತನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದು ನನಗೆ ಮರುದಿನ ತಿಳಿಯಿತು. ಬೆಳಿಗ್ಗೆ ಐದಕ್ಕೆ ಎದ್ದು ಶೆಡ್ಡಿನ ಗೋಡೆ, ಸೂರು, ಮೂಲೆ ಎಲ್ಲ ತೊಳೆದಿದ್ದಳು. ಹತ್ತು ವರ್ಷದ ಹೊಟ್ಟು ಆಚೆ ಬಂತು.

ಆಮೇಲೆ ಶುರುವಾಯಿತು ನೋಡಿ ಮನೆಯಲ್ಲಿ. ಕೈ ಪಳಗಬೇಕೆಂದು ಸಿಕ್ಕಸಿಕ್ಕದ್ದಕ್ಕೆಲ್ಲ ಹಾಳೆ ಹೊದಿಸಿದಳು. ಫ್ರಿಜ್ಜು ಕಪ್ಪಾಯಿತು. ಬೀರು ಹಸಿರಾಯಿತು. ನಮ್ಮತ್ತೆ ಎರ್ರಮ್ಮನಿಗೆ ಎಂಬತ್ತರ ಮೇಲಾಗಿದೆ. ಅವರ ತಗಡಿನ ಟ್ರಂಕು ಬಂಗಾರದ ಬಣ್ಣಕ್ಕೆ ತಿರುಗಿದ್ದೇ ತಡ, ಅವರು ಪೂರ್ತಿ ಮೊಮ್ಮಗನ ಹೆಂಡತಿಯ ಕಡೆಯಾದರು. ಬಂದವರಿಗೆಲ್ಲ ಅದನ್ನೇ ತೋರಿಸಿದರು.

ನನಗೆ ಮಾತ್ರ ಹೊಟ್ಟೆಯೊಳಗೆ ಉರಿ. ಅಡುಗೆಮನೆ ಪೂರ್ತಿ ನನ್ನ ಮೇಲೆ ಬಿತ್ತಲ್ಲ. ಅವಳು ರೊಟ್ಟಿ ಬಡಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಿಗೆ ಕೇಳಲಿ ಎಂದೇ ಅಂದೆ.

"ಎರಡು ವರ್ಷ ಆತು, ಒಂದು ರೊಟ್ಟಿ ದುಂಡಗ ಬರವೊಲ್ದು. ಕಾರಿನ ಮೂಲಿ ಮೂಲಿಗೆ ಹಾಳಿ ಕುಂದ್ರಿಸ್ತಾಳಂತ ಈಕಿ!"

ಸುಷ್ಮಿತಾ ತಲೆ ಬಗ್ಗಿಸಿದಳು. ಉತ್ತರ ಬಂದದ್ದು ಎರ್ರಮ್ಮನಿಂದ.

"ಚೆನ್ನಬಸೀ, ನೀ ಬಂದಾಗ ಮೂರು ವರ್ಷ ನಾವು ರೊಟ್ಟಿ ಅಂತ ಹಿಟ್ಟಿನ ಮುದ್ದಿ ತಿಂದೀವಿ. ಬಾಯಿ ಮುಚ್ಗೊಂಡು ಉಣ್ಣು."

ಯಜಮಾನರಿಗೆ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೇರಿತು. ನನಗೆ ಮೈಯೆಲ್ಲ ಕಾದು ಹೋಯಿತು.

ಅದೇ ವಾರ ಅವಳು ನನ್ನ ತಾಮ್ರದ ಕೊಡಕ್ಕೆ ಕೈ ಹಾಕಿದಳು. ತವರಿನ ಕೊಡ ಅದು. ನಾನು ರಂಪ ಮಾಡಿದೆ. "ಕೊಡದ ಕುತ್ತಿಗಿ ಭಾಳ ಕಷ್ಟ ಅತ್ತಿ. ಇದು ಬಂತಂದ್ರ ಕಾರಿನ ಬಂಪರಿಗೆ ಹಾಳಿ ಹಚ್ಚಾಕ ಬಂದಂಗ. ಸಂಜಿಗೆ ಬಿಚ್ಚಿ ಕೊಡ್ತೀನಿ" ಎಂದು ಕೈ ಮುಗಿದಳು. ಸಂಜೆ ಶೆಡ್ಡಿಗೆ ಹೋಗಿ ನೋಡಿದೆ. ಕೊಡ ಹಾಲಿನ ಬಣ್ಣದ್ದಾಗಿ ನಿಂತಿತ್ತು. ಹೊಟ್ಟೆಯಿಂದ ಕುತ್ತಿಗೆಗೆ ಕಿರಿದಾಗುವಲ್ಲಿ, ಕುತ್ತಿಗೆಯಿಂದ ಬಾಯಿಗೆ ಅರಳುವಲ್ಲಿ, ಎಲ್ಲೂ ಒಂದು ಸುಕ್ಕಿಲ್ಲ. ಅವಳು ಆಚೆ ಹೋದಾಗ ಉಗುರಿನಿಂದ ಅಂಚು ಹುಡುಕಿದೆ, ಸಿಗಲಿಲ್ಲ. ಬಿಚ್ಚುವುದು ಬೇಡ, ಇರಲಿ ಬಿಡು ಎಂದು ನಾನೇ ಹೇಳಿದೆ. ಹೇಳುವಾಗ ಮುಖ ಗಂಟು ಹಾಕಿಕೊಂಡೇ ಇದ್ದೆ ಅನ್ನಿ.

ಆ ಕೊಡವೇ ಗಿರಾಕಿಯನ್ನು ತಂದಿತು. ಕಮಲಾಪುರದ ಜಂಬುನಾಥ ನಮ್ಮ ಯಜಮಾನರಿಗೆ ಹಳೆಯ ಪರಿಚಯ, ಬಾಳೆಕಾಯಿ ವ್ಯಾಪಾರಿ. ನಾಲ್ವರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರುವವರು. ಅಕ್ಕಿ ಹೇಳಲು ಬಂದವನು ಚಾ ಕುಡಿಯುತ್ತ ಪಡಸಾಲೆಯಲ್ಲಿದ್ದ ಕೊಡ ನೋಡಿದ.

"ಇದೇನ್ರಿ ಅಕ್ಕಾರ, ಹಾಲಗಲ್ಲಿನ ಕೊಡ?"

"ತಾಮ್ರದ್ದಪ್ಪಾ. ನಮ್ಮ ಸೊಸಿ ಹಾಳಿ ಹೊದಿಸ್ಯಾಳ."

ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಸೊಸೆಯನ್ನು ಕರೆಸಿದ. ಅರ್ಧ ತಾಸು ಮಾತಾಡಿ ಕೊನೆಗೆ ಹೇಳಿದ.

"ನಮ್ಮ ಮನ್ಯಾಗ ನಾಕು ಕಾರು ಅದಾವು, ನಾಕು ಬಣ್ಣ. ನಾಕೂ ಒಂದೇ ಬಣ್ಣ ಇರ್ಬೇಕು ತಂಗಿ. ಬಾಳೆದಿಂಡು ಸುಲಿದ್ರ ಒಳಗ ಬರ್ತೈತಲ್ಲ, ಆ ಬಿಳುಪು. ಮಿಂಚಬಾರ್ದು. ಒಂದೇ ಮನಿ ಗಾಡಿ ಅಂತ ನೋಡಿದವ್ರಿಗೆ ಗೊತ್ತಾಗ್ಬೇಕು. ಮೊದಲು ನಂದೊಂದು ಮಾಡು. ನೋಡಿ ಉಳಿದ ಮೂರು ಹೇಳ್ತೀನಿ."

ಅವನು ಹೋದ ಮೇಲೆ ಸುಷ್ಮಿತಾ ಮಾವನ ಮುಖ ನೋಡಿದಳು. ಯಜಮಾನರು ಚಪ್ಪಲಿ ಮೆಟ್ಟುತ್ತ, "ಮೊದಲ್ನೇದು ಪಾಸಾಗ್ಲಿ ತಡಿ" ಅಂದರು.

ಬಣ್ಣ ಬದಲಿಸುವುದನ್ನು ಆರ್‌ಟಿಓ ಆಫೀಸಿನಲ್ಲಿ ಬರೆಸಿಕೊಂಡು ಬರಲು ಅವಳೇ ಹೇಳಿ ಕಳಿಸಿದ್ದಳು. ಆ ಕಾಗದ ಆದ ಮೇಲೆ ಕಾರು ಬಂತು. ಐದು ದಿನ ಕೆಲಸ. ಮೊದಲ ಎರಡು ದಿನ ಬರೀ ತೊಳೆಯುವುದು. ಸಂಡೂರು ದಾರಿಯ ಕೆಂಪು ಧೂಳು ಬಾಗಿಲ ಸಂದಿಯಲ್ಲಿ, ದೀಪದ ಸುತ್ತ, ಹಿಡಿಕೆಯ ಕೆಳಗೆ ಕೂತಿತ್ತು. ಬ್ರಷ್ಷಿನಿಂದ ತೆಗೆದಳು, ಜೇಡಿಮಣ್ಣಿನಂಥ ಉಂಡೆಯಿಂದ ಮೈಯೆಲ್ಲ ಒತ್ತಿ ತೆಗೆದಳು, ಕೊನೆಗೆ ಸ್ಪಿರಿಟ್ ಬಟ್ಟೆಯಿಂದ ಒರೆಸಿದಳು. ಒರೆಸಿದ ಬಟ್ಟೆ ಬೆಳ್ಳಗೆ ಬರುವ ತನಕ ಬಿಡಲಿಲ್ಲ.

ಮೂರನೇ ದಿನ ನಾನು ಚಾ ಕೊಡುವ ನೆಪದಲ್ಲಿ ಹೋಗಿ ಅಲ್ಲೇ ನಿಂತೆ. ನೆಲಕ್ಕೆ ನೀರು ಚಿಮುಕಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಹಾಳೆ ಎಳೆಯುತ್ತಿದ್ದಳು. ಮೆತ್ತನೆಯ ಅಂಚಿನ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾಳೆ, ಗಾಳಿ ಹೊರಗೆ ಹೋಗುತ್ತದೆ. ಸುಕ್ಕು ಬಂದರೆ ಒತ್ತುವುದಿಲ್ಲ, ಎತ್ತಿ ಬಿಸಿಗಾಳಿಯ ಗನ್ನು ತೋರಿಸುತ್ತಾಳೆ, ಸುಕ್ಕು ತಾನೇ ಮಾಯ. ಪಕ್ಕದ ಕನ್ನಡಿಯ ಬೆನ್ನಿಗೆ ಹಾಳೆ ಕೂರಿಸುವಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಷ್ಟು ಗುಂಡಗಿನ ವಸ್ತುವಿನ ಮೇಲೆ ಒಂದೇ ತುಂಡು, ಕತ್ತರಿ ಇಲ್ಲ, ಜೋಡಣೆ ಇಲ್ಲ. ಎಲ್ಲ ಮುಗಿದ ಮೇಲೆ ಪ್ರತಿಯೊಂದು ಅಂಚಿಗೂ ಮತ್ತೊಮ್ಮೆ ಬಿಸಿ ಕೊಟ್ಟಳು.

"ಅಂಟೇತಲ್ಲವ್ವಾ, ಮತ್ಯಾಕ?"

"ಎಳದಿದ್ದು ವಾಪಸ್ ಹೋಗ್ಬೇಕು ಅಂತ ನೋಡ್ತೈತ್ರಿ ಅದು. ಬಿಸಿ ಕೊಟ್ರ ಹಟ ಬಿಡ್ತೈತಿ. ಇಲ್ಲಾಂದ್ರ ತಿಂಗಳದಾಗ ಅಂಚು ಏಳ್ತೈತಿ."

ಐದನೇ ದಿನ ಸಂಜೆ ಕಾರು ನೋಡಿ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮಿಂಚಿಲ್ಲ, ಥಳಥಳ ಇಲ್ಲ, ಈಗಷ್ಟೇ ಸುಲಿದ ಬಾಳೆದಿಂಡಿನ ತಂಪು ಬಿಳುಪು. ಇಂಥದ್ದನ್ನು ನನ್ನ ಸೊಸೆ ಎರಡು ಕೈಯಲ್ಲಿ ಮಾಡಿದ್ದಾಳೆ! ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇನು. ಹೆಮ್ಮೆಯ ಬೆನ್ನಿಗೇ ಭಯವೂ ಆಯಿತು. ಇಷ್ಟು ಚೆಂದದ ವಸ್ತುವಿಗೆ ದೃಷ್ಟಿಯಾಗದೇ ಇರುತ್ತದೆಯೇ? ಮೊದಲು ತಗಲುವುದು ನನ್ನದೇ.

ಒಂದು ದಿನ ಕಾರು ಹಾಗೇ ನಿಲ್ಲಬೇಕು, ಅಂಟು ಗಟ್ಟಿಯಾಗಬೇಕು ಎಂದಳು. ಗಿರಾಕಿಗೆ ಕೊಡಲು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿದಳು: ಒಂದು ವಾರ ತೊಳೆಯಬಾರದು. ಪ್ರೆಶರ್ ನೀರು ಅಂಚಿಗೆ ಹೊಡೆಯಬಾರದು. ಮೇಣ, ಪಾಲಿಷ್ ಬೇಡ. ಒರಟು ಬಟ್ಟೆ ಬೇಡ. ಹಕ್ಕಿ ಹಿಕ್ಕೆ, ಪೆಟ್ರೋಲು ಬಿದ್ದರೆ ತಕ್ಷಣ ಒರೆಸಬೇಕು. ಅದನ್ನೆಲ್ಲ ನಾನೂ ಓದಿದೆ. ಅವಳ ಅಪ್ಪನಿಗೆ ಜ್ವರ ಎಂದು ಫೋನ್ ಬಂದಿದ್ದರಿಂದ ಅವಳು ಎಮ್ಮಿಗನೂರಿಗೆ ಹೋದಳು, ಬೆಳಿಗ್ಗೆ ಬರುತ್ತೇನೆಂದಳು. ಯಜಮಾನರು ಭತ್ತದ ಮಾತಿಗೆ ಕಂಪ್ಲಿಗೆ ಹೋಗಿದ್ದರು, ಎರಡು ದಿನದ ಮೇಲೆ ಬರುವವರು.

ಬೆಳಗಾದರೆ ಮಾನವಮಿ ಅಮಾವಾಸ್ಯೆ.

ಅಮಾವಾಸ್ಯೆಯ ದಿನ ನಮ್ಮ ಕಡೆ ಗಾಡಿ ಎಂಬ ಗಾಡಿಗೆಲ್ಲ ಪೂಜೆ. ಸೈಕಲ್ಲಿಗೂ ನಿಂಬೆಹಣ್ಣು ಕಟ್ಟುವ ಜನ ನಾವು. ಮನೆ ಹಿತ್ತಲಲ್ಲಿ ಹೊಸ ಕಳೆಯ ಕಾರು ನಿಂತಿದೆ, ಅದಕ್ಕೊಂದು ವಿಭೂತಿ ಹಚ್ಚದೆ ಬಿಡುವುದೇ? ನಾನು ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ತಟ್ಟೆ ಹಿಡಿದು ಹೋದೆ. ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದೆ. ಗಾಳಿಗೆ ಹಾರದಿರಲೆಂದು ಎಣ್ಣೆಯಲ್ಲಿ ಕಲಸಿದ ಅರಿಶಿಣ ಅಂಗೈ ತುಂಬ ತೆಗೆದುಕೊಂಡು ಬಾನೆಟ್ಟಿಗೆ ಬಳಿದೆ, ನಡುವೆ ಕುಂಕುಮ ಇಟ್ಟೆ. ನಾಲ್ಕು ಬಾಗಿಲಿಗೂ ಅರಿಶಿಣದ ಐದೈದು ಬೊಟ್ಟು. ಊದಿನಕಡ್ಡಿ ಬೆಳಗಿ, "ನಮ್ಮ ಹುಡುಗಿ ಕೈ ಕೆಲ್ಸ ತಾಯಿ, ಕಾಪಾಡು" ಎಂದು ಕೈ ಮುಗಿದೆ. ಮನಸ್ಸು ತುಂಬಿತ್ತು.

ಒಂದು ತಾಸಿನ ಮೇಲೆ ಹೋದರೆ ಎಣ್ಣೆ ಹರಡಿ ಬಾನೆಟ್ಟಿನ ಮೇಲೆ ಕಪ್ಪಗೆ ದೊಡ್ಡ ಕಲೆ ನಿಂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಹರಡಿತು. ಸೋಪಿನ ಪುಡಿ ಹಾಕಿದೆ. ಸೋಪು ತಾಗಿದ ಅರಿಶಿಣ ಏನಾಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಕೆಂಪಾಗಿ ರಕ್ತ ಬಳಿದಂತಾಯಿತು. ಆಗ ಕೈ ತಾನಾಗೇ ಅಡುಗೆಮನೆಗೆ ಹೋಗಿ ಹುಣಸೆಹಣ್ಣು, ತೆಂಗಿನ ನಾರು ತಂದಿತು. ಹಿತ್ತಾಳೆಯ ದೀಪದ ಸಮೆ ಬೆಳಗುವ ಹಾಗೆ ಬಾನೆಟ್ಟು ತಿಕ್ಕಿದೆ. ಕೆಂಪು ಹೋಗಿ ಹಳದಿ ಬಂತು. ಎಣ್ಣೆಯೂ ಹೋಯಿತು. ಜೊತೆಗೆ ಬಾಳೆದಿಂಡಿನ ಕಳೆಯೂ ಹೋಯಿತು. ತಿಕ್ಕಿದ ಜಾಗವೆಲ್ಲ ಮಿಂಚುತ್ತಿತ್ತು, ಅದರ ಮೇಲೆ ನಾರಿನ ಗೀರುಗಳು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಹತ್ತು ಗಂಟೆಗೆ ಸುಷ್ಮಿತಾ ಬಂದಾಗ ನಾನು ಶೆಡ್ಡಿನ ಬಾಗಿಲಲ್ಲೇ ಕೂತಿದ್ದೆ. ಕೈಯಲ್ಲಿ ನಾರು ಹಾಗೇ ಇತ್ತು. ಅವಳು ಒಳಗೆ ಹೋದಳು. ಬಾನೆಟ್ಟಿನ ಮೇಲೆ ಬೆರಳಾಡಿಸಿದಳು. ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಬೈಯಲಿ ಎಂದು ಕಾದೆ, ಅವಳು ಬೈಯಲಿಲ್ಲ, ಸೆರಗಿಲ್ಲದ ಚೂಡಿದಾರದ ವೇಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ನಾರನ್ನು ದೂರ ಎಸೆದೆ.

"ಬರದು ಹಚ್ಚಿದ್ನಲ್ಲ ಅತ್ತಿ..."

"ಓದೀನವ್ವಾ. ಅದರಾಗ ಅರಿಶಿಣ ಅಂತ ಇದ್ದಿಲ್ಲ."

ಅವಳು ಮೂಗು ಒರೆಸಿಕೊಂಡು ಗೋಡೆಯ ಹಾಳೆ ನೋಡಿದಳು. "ಹೌದು. ನಾನೇ ಬರೀಬೇಕಿತ್ತು" ಅಂದಳು.

ಬಳ್ಳಾರಿಗೆ ಫೋನ್ ಮಾಡಿದಳು. ಬಾನೆಟ್ಟು ಕಿತ್ತು ಹೊಸದು ಹಾಕಬೇಕು, ಬಾಗಿಲಿನದ್ದೂ ಕೀಳಬೇಕಾಗಬಹುದು ಎಂದ ಅಲ್ಲಿ ಕೆಲಸ ಕಲಿಸಿದ ಗುರು. ಉಳಿದಿದ್ದ ಹಾಳೆ ಒಂದು ಬಾನೆಟ್ಟಿಗೆ ಸರಿಯಾಗಿ ಸಾಕು, ಬಾಗಿಲಿಗೆ ಎಲ್ಲಿಂದ ತರುವುದು? ಮರುದಿನ ಹನ್ನೊಂದಕ್ಕೆ ಜಂಬುನಾಥ ಬರುವವನು. ಸುಷ್ಮಿತಾ ಖಾರವಿಲ್ಲದ ಸೋಪಿನಲ್ಲಿ, ಸ್ಪಿರಿಟ್ಟಿನಲ್ಲಿ ಬಾಗಿಲು ಒರೆಸಿದಳು. ಎಣ್ಣೆ ಬಂತು, ಹಳದಿ ಬರಲಿಲ್ಲ. ಅಷ್ಟರಲ್ಲಿ ಎರ್ರಮ್ಮ ಕೋಲೂರಿಕೊಂಡು ಹಿತ್ತಲಿಗೆ ಬಂದರು.

"ಏನದು ಗದ್ದಲ?"

"ಅರಿಶಿಣ ಹೋಗವೊಲ್ದು ಅಜ್ಜಿ."

"ಅರಿಶಿಣ ತಾನ? ಬಿಸಲಿಗೆ ಇಡ್ರಿ. ಬಾಣಂತಿ ಬಟ್ಟಿಗೆ ಏನು ಮಾಡ್ತೀವಿ? ತಿಕ್ಕಿದ್ರ ಹೋಗ್ತೈತೇನು ಅದು? ಬಿಸಲೇ ತಿನ್ಬೇಕು. ಇಷ್ಟೂ ಗೊತ್ತಿಲ್ಲೇನೇ ಚೆನ್ನಬಸೀ?"

ಗೊತ್ತಿತ್ತು. ಹಿತ್ತಾಳೆ ನೆನಪಾಯಿತು, ಬಾಣಂತಿ ಬಟ್ಟೆ ನೆನಪಾಗಲಿಲ್ಲ. ಸುಷ್ಮಿತಾ ಕಾರು ಹೊರಗೆ ತಂದು ಬಿಸಿಲಿಗೆ ನಿಲ್ಲಿಸಿದಳು. ಮಧ್ಯಾಹ್ನ ಬಲಬದಿಗೆ ಬಿಸಿಲು, ಆಮೇಲೆ ಎಡಬದಿಗೆ ತಿರುಗಿಸಿದಳು. ಮೋಡ ಬಂದರೆ ಮೂವರು ಹೆಂಗಸರೂ ತಲೆ ಎತ್ತಿ ಶಾಪ ಹಾಕಿದೆವು. ನಾಲ್ಕು ಗಂಟೆಗೆ ಬೊಟ್ಟುಗಳು ಮಾಸಿದವು, ಐದಕ್ಕೆ ಹುಡುಕಿದರೆ ಮಾತ್ರ ಕಂಡವು. ಅವಳು ಅಜ್ಜಿಯ ಕೆನ್ನೆ ಹಿಡಿದು ಮುದ್ದು ಕೊಟ್ಟಳು.

ಬಾನೆಟ್ಟಿನ ಕೆಟ್ಟ ಹಾಳೆಯನ್ನು ರಾತ್ರಿಯೇ ಸುಲಿದು ತೆಗೆದಳು, ಹೊಸದಕ್ಕೆ ಬೆಳಗಿನ ತಂಪು ಬೇಕು. ಅದಕ್ಕೆ ಇಬ್ಬರು ಬೇಕು. ಹಾಳೆ ಅಷ್ಟು ದೊಡ್ಡದು, ಎರಡೂ ಕಡೆ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಮೊದಲ ಸಲ ವೀರೇಶ್ ಹಿಡಿದಿದ್ದ. ಅವನಿಗೆ ಅವತ್ತು ಬೆಳಗಿನ ಶಿಫ್ಟು.

"ನಾ ಹಿಡೀತೀನಿ" ಅಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಬೇಡ ಅಂದಿದ್ದರೆ ತಪ್ಪೇನೂ ಇರಲಿಲ್ಲ. ಎದ್ದು ಉಗುರುಕತ್ತರಿ ತಂದು ನನ್ನ ಹತ್ತೂ ಉಗುರು ಕತ್ತರಿಸಿದಳು. ಹಸಿರು ಬಳೆಗಳನ್ನು ಮೊಣಕೈ ತನಕ ಸರಿಸಿ ಮೆತ್ತನೆ ಬಟ್ಟೆ ಸುತ್ತಿದಳು.

"ಒದ್ದಿ ರೇಶಿಮಿ ಸೀರಿ ಇಬ್ರು ಹಿಡದು ಒಣಗಿಸ್ತೀವಲ್ಲ ಅತ್ತಿ, ಹಂಗ. ನಾ ಬಿಡು ಅನ್ನೋತನಾ ಬಿಡಬ್ಯಾಡ್ರಿ. ಜಗ್ಗಲೂ ಬ್ಯಾಡ್ರಿ."

ಬೆಳಿಗ್ಗೆ ಆರು ಗಂಟೆಗೆ ಹಿಡಿದೆವು. ಆ ಕಡೆ ತುದಿ ನನ್ನದು. ಹಾಳೆ ಅಲುಗದಿರಲೆಂದು ಮೊಣಕೈ ಪಕ್ಕೆಗೆ ಒತ್ತಿಕೊಂಡೆ. ಅವಳು ನಡುವೆ ಒಂದು ಗೆರೆ ಒತ್ತಿದಳು, ಅಲ್ಲಿಂದ ಬಲಕ್ಕೆ, ಎಡಕ್ಕೆ. "ಒಂದೀಟು ಮ್ಯಾಲೆ... ಸಾಕು... ಹಂಗ ನಿಂದ್ರಿ." ನನ್ನ ಕಡೆ ಒಂದು ಸುಕ್ಕು ಎದ್ದಿತು. ನಾನು ಅದನ್ನು ಕೈಯಿಂದ ಒತ್ತಬೇಕೆಂದಿದ್ದೆ, ಒತ್ತಲಿಲ್ಲ. ಅವಳು ಸುತ್ತಿ ಬಂದು ಎತ್ತಿ ಬಿಸಿ ತೋರಿಸಿದಳು. ಹೋಯಿತು. ಎಂಟೂವರೆಗೆ "ಬಿಡ್ರಿ ಅತ್ತಿ" ಅಂದಳು. ಬಿಟ್ಟೆ. ಬೆರಳು ಮಡಚಲು ಬರಲಿಲ್ಲ, ಹಾಗಾಗಿತ್ತು.

ಹನ್ನೊಂದಕ್ಕೆ ಜಂಬುನಾಥ, ಕಂಪ್ಲಿಯಿಂದ ಬಂದ ನಮ್ಮ ಯಜಮಾನರು ಇಬ್ಬರೂ ಒಟ್ಟಿಗೇ ಹಿತ್ತಲಿಗೆ ಬಂದರು. ಜಂಬುನಾಥ ಕಾರಿನ ಸುತ್ತ ಎರಡು ಸಲ ಸುತ್ತಿದ. "ಮಸ್ತ್" ಅಂದ. ಕನ್ನಡಿ ಸವರಿದ, ಹಿಡಿಕೆ ಸವರಿದ. ಹಿಂದಿನ ಬಾಗಿಲ ಹತ್ತಿರ ಬಗ್ಗಿದ.

"ಇಲ್ಲೇನೋ ಹಳದಿ ಐತಲ್ಲ ತಂಗಿ?"

ಒಂದು ಬೊಟ್ಟಿನ ನೆರಳು ಉಳಿದಿತ್ತು. ಯಜಮಾನರು ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು.

"ನಾ ಹೇಳಿದ್ದೆ. ಕಲಿತು ನಾಕು ತಿಂಗಳಾಗಿಲ್ಲ, ಗಿರಾಕಿ ಗಾಡಿಗೆ ಕೈ ಹಾಕಿದ್ರ ಹಿಂಗ ಆಗೋದು. ಹೋಗ್ಲಿ ಬಿಡವ್ವಾ, ಶೆಡ್ಡು ಖಾಲಿ ಮಾಡು."

ಸುಷ್ಮಿತಾಳ ಮುಖ ಬಿಳಿಚಿತು. ಆದರೂ ನನ್ನ ಕಡೆ ನೋಡಲಿಲ್ಲ. "ನನ್ನ ಕೈತಪ್ಪು ಅಣ್ಣಾರ. ಬಾನೆಟ್ಟೂ ಹಾಳಾಗಿತ್ತು, ಬದಲಿ ಮಾಡೀನಿ. ಇದೂ ಹೋಗ್ತೈತ್ರಿ" ಅಂದಳು.

ಸುಮ್ಮನಿದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಅವಳ ಶೆಡ್ಡು ಹೋಗುತ್ತಿತ್ತು. ಅತ್ತೆಯ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ನಿಂತ ಆ ಹುಡುಗಿಯನ್ನು ನೋಡಿ ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

"ಸುಳ್ಳು!" ಎಂದೆ ಜೋರಾಗಿ. "ಆಕಿ ಕೈ ತಪ್ಪಿಲ್ಲ. ನಿನ್ನೆ ಅಮಾಸಿ. ಪೂಜಿ ಮಾಡ್ದಾಕಿ ನಾನು, ಎಣ್ಣಿ ಅರಿಶಿಣ ಬಳದಾಕಿ ನಾನು, ಹುಣಸಿಹಣ್ಣು ಹಚ್ಚಿ ನಾರಿಲೆ ತಿಕ್ಕಿದಾಕಿ ನಾನು. ಆಕಿ ಮಾಡಿದ್ದು ಒಂದೂ ಕೆಟ್ಟಿಲ್ಲ, ನಾ ಕೆಡಿಸಿದ್ದನ್ನ ಆಕಿ ಒಂದು ದಿನದಾಗ ಸರಿ ಮಾಡ್ಯಾಳ. ಬೈಯೋದಿದ್ರ ನನಗ ಬೈರಿ."

ಜಂಬುನಾಥ ಬಾನೆಟ್ಟಿನ ಬಳಿ ಹೋಗಿ, ಮುಖ ಅಡ್ಡ ಇಟ್ಟು ಬೆಳಕಿಗೆ ನೋಡಿದ, ಅಂಚಿಗೆ ಬೆರಳು ಹಾಕಿ ಹುಡುಕಿದ.

"ಇದು ಬದಲಿ ಮಾಡಿದ್ದೇನ್ರಿ?"

"ಹೌದ್ರಿ, ಮುಂಜಾನಿ. ನಾನೇ ಆ ಕಡೆ ಹಿಡಿದಿದ್ದೆ."

ಅವನು ನಕ್ಕನೋ ಏನೋ, ಮೀಸೆ ಅಲುಗಾಡಿತು. "ಅಕ್ಕಾರ, ನಮ್ಮವ್ವ ನಿನ್ನೆ ಬೆಳ್ಳಂಬೆಳಿಗ್ಗೆ ಉಳಿದ ಮೂರೂ ಗಾಡಿಗೆ ಅಂಗೈ ಅಂಗೈ ಅರಿಶಿಣ ಬಳದಾಳ. ಪ್ರತಿ ಅಮಾಸಿ ಬಳೀತಾಳ. ಬ್ಯಾಡ ಅನ್ನೋ ಗಂಡಸು ನಮ್ಮ ಮನ್ಯಾಗ ಹುಟ್ಟಿಲ್ಲ. ಮೊದ್ಲು ಹುಬ್ಬಳ್ಳ್ಯಾಗ ಇಂಥದ್ದೇ ಒಂದು ಅಂಗಡಿಗೆ ಕೇಳಾಕ ಹೋಗಿದ್ದೆ, ಅವ್ನು ನನಗ ಮೇಣ ಬ್ಯಾಡ, ಪಾಲಿಶ್ ಬ್ಯಾಡ ಅಂತ ಇಪ್ಪತ್ತು ಹೇಳಿದ. ಅರಿಶಿಣ ಬಿದ್ರ ಏನು ಮಾಡ್ಬೇಕು ಅಂತ ಯಾವನೂ ಹೇಳ್ಲಿಲ್ಲ." ಸುಷ್ಮಿತಾಳ ಕಡೆ ತಿರುಗಿದ. "ಏನು ಮಾಡ್ಬೇಕು ತಂಗಿ?"

"ಪೂಜಿ ಗಾಜಿಗೆ, ಗಾಲಿಗೆ ಮಾಡ್ರಿ ಅಣ್ಣಾರ. ಫಿಲ್ಮಿಗೆ ಬಿದ್ರ ಎಣ್ಣಿ ಮೊದಲು ಮೆತ್ತನ ಬಟ್ಟಿಯಿಂದ ತೆಗೀರಿ. ತಿಕ್ಕಬ್ಯಾಡ್ರಿ. ಬಿಸಲಿಗೆ ನಿಲ್ಲಿಸ್ರಿ, ಸಂಜಿಗೆ ಹೋಗ್ತೈತಿ. ಇದನ್ನ ನಮ್ಮ ಅಜ್ಜಿ ಹೇಳಿದ್ರು."

"ಆತು. ಸೋಮಾರ ಒಂದು ಗಾಡಿ ಕಳಿಸ್ತೀನಿ, ಅದು ಮುಗಿದ ಮ್ಯಾಲೆ ಒಂದೊಂದೇ ಉಳಿದವು" ಅಂದ ಜಂಬುನಾಥ. ಬಾನೆಟ್ಟಿನ ಅಂಟು ಗಟ್ಟಿಯಾದ ಮೇಲೆ ಮರುದಿನ ಗಾಡಿ ಒಯ್ಯುತ್ತೇನೆಂದು ಹೇಳಿ, ನನ್ನ ಕಡೆ ನೋಡಿ, "ನೀವು ಮಾತ್ರ ನಾರು ಮುಟ್ಟಬ್ಯಾಡ್ರಿ ಅಕ್ಕಾರ" ಎಂದು ಹೊರಟ.

ಯಜಮಾನರು ಅವತ್ತು ಊಟಕ್ಕೆ ಕೂತಾಗ ಶೆಡ್ಡಿನ ಸುದ್ದಿ ಎತ್ತಲಿಲ್ಲ. ಸೊಸೆಯೂ ಕೇಳಲಿಲ್ಲ. ಕೈಗೆ ಕೆಲಸ ಬಂದಿತ್ತು ನಿಜ, ಆದರೆ ಅವರ ಬಾಯಿಂದ ಬರುವ ತನಕ ಅದು ಭತ್ತದ ಶೆಡ್ಡೇ. ನಾನು ಕೆಣಕಿದರೆ ಎಲ್ಲಿ ಕೆಟ್ಟೀತೋ ಎಂದು ನಾನೂ ಬಾಯಿ ಕಟ್ಟಿಕೊಂಡೆ. ಸೋಮವಾರದಿಂದ ಹೊತ್ತಿಗೆ ಮುಂಚೆ ರೊಟ್ಟಿ ಬಡಿದು ಮುಚ್ಚಿಟ್ಟು, ಬಳೆಗೆ ಬಟ್ಟೆ ಸುತ್ತಿಕೊಂಡು ಶೆಡ್ಡಿಗೆ ಹೋಗುವುದು ನನ್ನ ಅಭ್ಯಾಸವಾಯಿತು. ಬಾಗಿಲು, ಬಂಪರು ಎಲ್ಲ ಅವಳದ್ದು. ಬಾನೆಟ್ಟು, ಮೇಲಿನ ಛತ್ತು ಹಿಡಿಯುವಾಗ ಆ ಕಡೆ ತುದಿ ನನ್ನದು.

ಎರಡು ತಿಂಗಳಾದ ಮೇಲೆ, ಜಂಬುನಾಥನ ಕೊನೆಯ ತಮ್ಮನ ಕಾರಿಗೆ ಬಾನೆಟ್ಟು ಹಿಡಿದು ನಿಂತಿದ್ದ ಬೆಳಿಗ್ಗೆ, ಬೀದಿಯಲ್ಲಿ ಲಾರಿಯ ಹಾರ್ನ್ ಕೇಳಿತು. ಹೊಸ ಭತ್ತ. ಸುಷ್ಮಿತಾಳ ಕೈಯಲ್ಲಿದ್ದ ಪಟ್ಟಿ ಅರೆಗಳಿಗೆ ನಿಂತು ಮತ್ತೆ ಓಡಿತು.

ಯಜಮಾನರು ಹಿತ್ತಲಿಗೆ ಬಂದರು. ಚಪ್ಪಲಿ ದೂರದಲ್ಲೇ ಬಿಟ್ಟು, ಹೊಸ್ತಿಲು ದಾಟದೆ ಹೊರಗೇ ನಿಂತರು.

"ಸುಷ್ಮಿತಾ, ಲಾರಿ ಬಂದೈತಿ. ಚೀಲ ಎಲ್ಲಿ ಇಳಸ್ಲವ್ವಾ?"

ಈ ಮನೆಯಲ್ಲಿ ಚೀಲ ಎಲ್ಲಿ ಇಳಿಸಬೇಕೆಂದು ಆ ಮನುಷ್ಯ ಹೆತ್ತ ತಾಯಿಯನ್ನೂ ಕೇಳಿದವರಲ್ಲ. ನನ್ನನ್ನಂತೂ ಬಿಡಿ.

"ಪಡಸಾಲ್ಯಾಗ ಇಳಸ್ರಿ ಮಾವಾರ" ಅಂದಳು ಅವಳು, ಕಣ್ಣು ಹಾಳೆಯ ಮೇಲಿಂದ ತೆಗೆಯದೆ. "ಒಂದರ್ಧ ತಾಸು ಲಾರಿ ಅಲ್ಲೇ ನಿಲ್ಲಿಸ್ರಿ. ಧೂಳು ಏಳ್ತೈತಿ."

"ಆತವ್ವಾ, ನಿಲ್ಲಿಸ್ತೀನಿ" ಎಂದು ಅವರು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದರು.

ನನ್ನ ಕಣ್ಣು ತುಂಬಿ ಬಂತು. ಎರಡೂ ಕೈಯಲ್ಲಿ ಹಾಳೆ, ಒರೆಸಿಕೊಳ್ಳಲು ಆಗುವಂತಿರಲಿಲ್ಲ.

"ಅತ್ತೀ, ಗಟ್ಟಿ ಹಿಡೀರಿ."

"ಹಿಡದೀನವ್ವಾ, ನೀ ಒತ್ತು."